ಸಂಘದ ಕಟ್ಟಡ ಮತ್ತು ಅರ್ಥಿಂಗ್ ವಾಯರು

(ಸಂಘದ ರಜತ ಮಹೋತ್ಸವದ ನಿಮಿತ್ತ ಕುಲಗೋಡದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣ ಮಾಡುವವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಇಲ್ಲಿ ಇಷ್ಟೊತ್ತು ಮಾತಾಡಿದವರು ಸಂಘದ ಠೇವು, ಸಾಲ, ವಸೂಲಿ, ಲಾಭ ಎಲ್ಲ ಚಂದಾಗಿ ಹೇಳಿದರು. ನನಗ ಅಧ್ಯಕ್ಷರು "ನೀವು ಕಟ್ಟಡ ಸಮಿತಿಯೊಳಗ ಇದ್ದವರು, ಕಟ್ಟಡದ ಬಗ್ಗೆ ನಾಕು ಮಾತು ಹೇಳ್ರಿ" ಅಂದರು. ಕಟ್ಟಡದ ಬಣ್ಣ, ಫರಸಿ, ಬೋರ್ಡು ನಿಮ್ಮ ಕಣ್ಣಿಗೆ ಕಾಣತಾವ. ಅದನ್ನ ನಾನು ಹೇಳಬೇಕಾಗಿಲ್ಲ. ಕಾಣದಂಥಾ ಒಂದು ವಸ್ತು ಐತಿ, ಅದರ ಬಗ್ಗೆ ಹೇಳತೀನಿ. ಅದು ಅರ್ಥಿಂಗ್. ನಮ್ಮ ಕಡೆ ಅದಕ್ಕ "ಅರ್ಥ್ ವಾಯರು" ಅಂತಾರ. ಈ ಮಾತಿನೊಳಗ ನನ್ನ ಒಂದು ತಪ್ಪೂ ಐತಿ. ಅದನ್ನೂ ನಿಮ್ಮ ಮುಂದೆ ಒಪ್ಪಿಕೊಳ್ಳತೀನಿ.

ಕರೆಂಟು ನಮ್ಮ ಭಾಗಕ್ಕ ಹೊಸದಲ್ಲ. ಗೋಕಾಕ ಫಾಲ್ಸ್‌ನ ಮಗ್ಗಲಾಗ 1887ರಲ್ಲಿ ನೂಲಿನ ಗಿರಣಿ ಶುರುವಾಯಿತು. ಬೀಳುವ ನೀರಿನಿಂದ ವಿದ್ಯುತ್ ತೆಗೆಯುವ ಕೆಲಸ ದೇಶದೊಳಗ ಬಹಳ ಮೊದಲು ನಡೆದ ಜಾಗಗಳಲ್ಲಿ ಅದೂ ಒಂದು. ಆದರೆ ಹಳ್ಳಿಗೆ ಬರಲಿಕ್ಕೆ ಅದಕ್ಕ ಬಹಳ ವರ್ಷ ಹಿಡಿಯಿತು. ನಮ್ಮೂರ ತಮ್ಮಣ್ಣನವರ ಹೆಸರಿನಿಂದ ನಾಡಿಗೆಲ್ಲ ಗೊತ್ತಾದ ಶ್ರೀಕೃಷ್ಣ ಪಾರಿಜಾತವನ್ನ ನಮ್ಮ ಹಿರಿಯರು ಪಂಜಿನ ಬೆಳಕಿನೊಳಗ, ಆಮ್ಯಾಲ ಗ್ಯಾಸಬತ್ತಿ ಬೆಳಕಿನೊಳಗ ನೋಡಿದವರು. ಇಂದು ಅದೇ ಆಟಕ್ಕ ಮೈಕು, ದೊಡ್ಡ ಲೈಟು, ಜನರೇಟರು ಬಂದಾವ.

ಕರೆಂಟಿಗೂ ಸಹಕಾರಿ ಸಂಘಕ್ಕೂ ಸಂಬಂಧ ಏನು ಅಂತ ಯಾರಾದರೂ ಕೇಳಬಹುದು. ಪಕ್ಕದ ಹುಕ್ಕೇರಿಯನ್ನ ನೋಡ್ರಿ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಪ್ರಯೋಗಕ್ಕ ಅಂತ ದೇಶದೊಳಗ ಮೊದಲು ಆರಿಸಿದ ಐದು ವಿದ್ಯುತ್ ಸಹಕಾರಿ ಸಂಘಗಳಲ್ಲಿ ಅದು ಒಂದು. ಕಂಬ, ತಂತಿ, ಟ್ರಾನ್ಸಫಾರ್ಮರ್ ಎಲ್ಲ ಸಂಘದ್ದೇ, ಬಿಲ್ಲು ಕೊಡುವವರೂ ಸದಸ್ಯರೇ. ರೈತರ ಸಂಘ ಒಂದು ತಾಲೂಕಿಗೆ ಕರೆಂಟು ಹಂಚಬಹುದಾದರೆ, ನಾವು ನಮ್ಮ ಒಂದು ಕಟ್ಟಡದೊಳಗಿನ ಕರೆಂಟನ್ನ ಸರಿಯಾಗಿ ಇಟ್ಟುಕೊಳ್ಳಲಿಕ್ಕೆ ಆಗಬಾರದೇನು? ಇದು ನನ್ನ ಪ್ರಶ್ನೆ.

ಈಗ ನನ್ನ ಕತೆ ಹೇಳತೀನಿ. ನನಗಾಗ ಇಪ್ಪತ್ತು ವರ್ಷದ ಆಸುಪಾಸು. ಬಾವಿಯ ಮ್ಯಾಲೆ ಐದು ಎಚ್.ಪಿ. ಮೋಟರು. ಸ್ಟಾರ್ಟರ್ ಪೆಟಗಿಯನ್ನ ಒಂದು ಕಬ್ಬಿಣದ ಆಂಗಲ್ಲಿಗೆ ಬಿಗಿದಿತ್ತು. ಆ ಆಂಗಲ್ಲಿನಿಂದ ಒಂದು ಗಿಲೀಟು ತಂತಿ ಭೂಮಿಯೊಳಗಿನ ಪೈಪಿಗೆ ಹೋಗಿತ್ತು. ಬಿತ್ತಿಗೆ ಕಾಲಕ್ಕ ಕುಂಟಿ ಹೊಡಿವಾಗ ಆ ತಂತಿ ಮತ್ತೆ ಮತ್ತೆ ಅಡ್ಡ ಬರುತ್ತಿತ್ತು. ಒಂದು ದಿನ ಬ್ಯಾಸರಾಗಿ ನಾನೇ ಅದನ್ನ ಬಿಚ್ಚಿ ಸುರುಳಿ ಮಾಡಿ ಬದುವಿಗೆ ಒಗೆದೆ. ಮೋಟರು ಎಂದಿನಂತೆ ನಡೆಯಿತು, ನೀರು ಬಂತು. ತಂತಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ ಅಂದುಕೊಂಡೆ.

ಎಂಟು ತಿಂಗಳು ಏನೂ ಆಗಲಿಲ್ಲ. ಒಂದು ಮಳೆಗಾಲದ ಮುಂಜಾನೆ ನಮ್ಮ ಎಡಗೋಲಿನ ಎತ್ತು ಹೋಗಿ ಆ ಆಂಗಲ್ಲಿಗೆ ಮೈ ತಿಕ್ಕಿತು. ಅಲ್ಲೇ ಬಿತ್ತು. ನಮ್ಮ ಅಪ್ಪ ಓಡಿ ಹೋದ. ಅದನ್ನ ಮುಟ್ಟಲಿಕ್ಕೆ ಕೈ ಚಾಚಿದಾಗ ಪುಣ್ಯಕ್ಕ ಕರೆಂಟು ಹೋಯಿತು. ಅವತ್ತು ಕರೆಂಟು ಹೋಗದಿದ್ದರೆ ನಾನು ಎತ್ತಿನ ಮಾತು ಹೇಳುತ್ತಿರಲಿಲ್ಲ. ನಾವು ಅದಕ್ಕ ಹಣೆಬರಹ ಅಂದೆವು, ಮಳೆಯ ದೋಷ ಅಂದೆವು, ಕಾಯಿ ಒಡೆದೆವು. ಬದುವಿನ ಮ್ಯಾಲೆ ಬಿದ್ದ ತಂತಿಯ ಸುರುಳಿಯನ್ನ ಯಾರೂ ನೋಡಲಿಲ್ಲ.

ಮುಂದ ನಾನು ಈ ಸಂಘದ ನಿರ್ದೇಶಕನಾದೆ. ಸ್ವಂತ ಕಟ್ಟಡ ಕಟ್ಟುವ ಕಾಲ ಬಂತು. ಮ್ಯಾಲೆ ಆಫೀಸು, ಕೆಳಗ ಬಾಡಿಗಿ ಮಳಿಗೆಗಳು, ಹಿಂದ ಗೊಬ್ಬರದ ಗೋಡಾವನ, ಅದರ ಮಗ್ಗಲಾಗ ಹಿಟ್ಟಿನ ಗಿರಣಿ ಮತ್ತು ಶುದ್ಧ ನೀರಿನ ಯಂತ್ರ. ಎಸ್ಟಿಮೇಟು ನಮ್ಮ ಮುಂದ ಬಂತು. ರೊಕ್ಕ ಸಾಲುತ್ತಿರಲಿಲ್ಲ. ಎಲ್ಲಿ ಕಡಿಮೆ ಮಾಡೋಣ ಅಂತ ಕೆಂಪು ಪೆನ್ನು ಹಿಡಿದು ಕುಂತೆವು. ಅದರೊಳಗ ಒಂದು ಸಾಲು ಇತ್ತು: ಅರ್ಥಿಂಗ್ ಕುಣಿ ಎರಡು, ಕಟ್ಟಡದ ಸುತ್ತ ಗಿಲೀಟು ಪಟ್ಟಿ, ಸೋರಿಕೆ ಹಿಡಿಯುವ ಸ್ವಿಚ್ಚು. "ಇದು ಕಣ್ಣಿಗೆ ಕಾಣುವಂಥಾದ್ದಲ್ಲ, ಒಂದೇ ಕುಣಿ ಸಾಕು" ಅಂತ ಮಾತಾಯಿತು. ಆ ಸಾಲಿನ ಮ್ಯಾಲೆ ಗೀಟು ಹಾಕಿದವರೊಳಗ ನಾನೂ ಒಬ್ಬ. ಉಳಿದ ರೊಕ್ಕದೊಳಗ ಮುಂದಿನ ಗೋಡೆಗೆ ಹೊಳೆಯುವ ಕಲ್ಲು ಹಚ್ಚಿದೆವು. ಎತ್ತು ಕಳಕೊಂಡವನೇ ಹಂಗ ಮಾಡಿದೆ. ಯಾಕಂದರೆ ಎತ್ತು ಯಾಕ ಸತ್ತಿತು ಅನ್ನೋದು ನನಗ ಅಲ್ಲಿತನಕ ತಿಳಿದೇ ಇರಲಿಲ್ಲ.

ಮೂರು ವರ್ಷದ ಹಿಂದ ಮುಂಗಾರಿನೊಳಗ ಯೂರಿಯಾ ಲೋಡು ಬಂದಿತ್ತು. ತುಂತುರು ಮಳೆ. ಹಮಾಲಿ ಮಾಡುವ ನಮ್ಮ ಒಬ್ಬ ತರುಣ ಬರಿಗಾಲಿನೊಳಗ ಹೋಗಿ ಗೋಡಾವನದ ರೋಲಿಂಗ್ ಷಟರ್ ಎತ್ತಲಿಕ್ಕೆ ಎರಡೂ ಕೈ ಹಚ್ಚಿದ. ಬಿಡಲಿಲ್ಲ. ಬಿಡಲಿಕ್ಕೆ ಅವನಿಗೆ ಆಗಲಿಲ್ಲ. ಲಾರಿಯ ಮ್ಯಾಲಿದ್ದವನೊಬ್ಬ ಒಣ ಬಿದಿರು ಗಳದಿಂದ ಅವನ ಕೈಗೆ ಹೊಡೆದು ಬಿಡಿಸಿದ. ಇನ್ನೊಬ್ಬ ಓಡಿ ಮೇನ್ ತೆಗೆದ. ಹುಡುಗ ಬದುಕಿದ. ಇಂದು ಈ ಸಭೆಯೊಳಗ ಹಿಂದಿನ ಸಾಲಿನೊಳಗ ಕುಂತಾನ. ಅವನ ಹೆಸರು ನಾನು ಹೇಳೂದಿಲ್ಲ, ಅವನಿಗೆ ನಾಚಿಕೆ ಆಗತೈತಿ. ನಾಚಿಕೆ ಆಗಬೇಕಾದ್ದು ನನಗ.

ಆಮ್ಯಾಲ ನೋಡಿದರೆ ಬೋರ್ಡಿನ ಲೈಟಿಗೆ ಹೋದ ವಾಯರು ಷಟರಿನ ಚಾನಲ್ಲಿನ ಹಿಂದ ಹಾದಿತ್ತು. ದಿನಾ ಏರಿಳಿಯುವ ಷಟರು ತಿಕ್ಕಿ ತಿಕ್ಕಿ ಅದರ ಮ್ಯಾಲಿನ ಪದರು ಹರಿದಿತ್ತು. ಇಡೀ ಷಟರಿಗೆ ಕರೆಂಟು ಏರಿತ್ತು. ಫ್ಯೂಜು ಯಾಕ ಹೋಗಲಿಲ್ಲ ಅಂತ ನಾವು ಕೇಳಿದೆವು. ಲೈಸನ್ಸು ಇದ್ದ ಒಬ್ಬ ಎಲೆಕ್ಟ್ರಿಕಲ್ ಗುತ್ತಿಗೆದಾರರು ಬಂದು ಎರಡು ದಿನ ಕುಂತು ನಮಗ ತಿಳಿಸಿ ಹೇಳಿದರು. ಅವರು ಹೇಳಿದ್ದನ್ನ ನಮ್ಮ ಭಾಷೆಯೊಳಗ ನಾನು ಹೇಳತೀನಿ.

ಕರೆಂಟು ಅಂದರೆ ಕಾಲುವೆಯ ನೀರು ಇದ್ದಂಗ. ಫೇಜ್ ತಂತಿಯೊಳಗ ಬರತೈತಿ, ನ್ಯೂಟ್ರಲ್ ತಂತಿಯೊಳಗ ವಾಪಸ್ ಹೋಗತೈತಿ. ಟ್ರಾನ್ಸಫಾರ್ಮರಿನ ಹತ್ತಿರ ಆ ನ್ಯೂಟ್ರಲ್ಲನ್ನ ಭೂಮಿಗೆ ಕಟ್ಟಿರತಾರ. ಅದಕ್ಕ ಎಲ್ಲಿ ಫೇಜ್ ಒಡೆದು ಹೊರಗ ಬರತೈತೋ ಅಲ್ಲಿಂದ ಅದು ಭೂಮಿಯ ಮೂಲಕ ಹಾದಿ ಹುಡುಕತೈತಿ. ನಮ್ಮ ಘಟಪ್ರಭಾ ಕಾಲುವೆಗೆ ನೀರು ಹೆಚ್ಚಾದಾಗ ಹಳ್ಳಕ್ಕ ಬಿಡಲಿಕ್ಕೆ ಎಸ್ಕೇಪ್ ಇರತೈತಿ ನೋಡ್ರಿ, ಅರ್ಥ್ ವಾಯರು ಅಂಥಾ ಎಸ್ಕೇಪು. ಅದು ಇಲ್ಲದಿದ್ದರೆ ನೀರು ಒಡ್ಡು ಒಡೆದು ಹೊಲಕ್ಕ ನುಗ್ಗಿದಂಗ, ಕರೆಂಟು ಮುಟ್ಟಿದವನ ಮೈಯೊಳಗ ಹಾದು ಹೋಗತೈತಿ. ಒದ್ದೆ ಕೈ, ಬರಿಗಾಲು ಇದ್ದ ಮನುಷ್ಯನ ಮೈ ಸುಮಾರು 1000 ಓಮ್ ತಡೆ ಕೊಡತೈತಿ ಅಂತ ಇಟ್ಟುಕೊಂಡರೆ, 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯತೈತಿ. ಹತ್ತು ಮಿಲಿ ಆಂಪಿಯರಿನ ಮ್ಯಾಲೆ ಹೋದರೆ ಹಿಡಿದ ಕೈ ಬಿಡಲಿಕ್ಕೆ ಬರೂದಿಲ್ಲ. ಐವತ್ತು ನೂರಕ್ಕ ಹೋದರೆ ಗುಂಡಿಗೆಯ ಬಡಿತವೇ ತಪ್ಪಬಹುದು. ಒಂದು ಆಂಪಿಯರ್ ಅಂದರೆ ಸಾವಿರ ಮಿಲಿ ಆಂಪಿಯರ್. ಮನೆಯ ಸಣ್ಣ ಫ್ಯೂಜು ಐದು ಆಂಪಿಯರಿನದು. ಅಂದ ಮ್ಯಾಲೆ ಮನುಷ್ಯ ಸಾಯಲಿಕ್ಕೆ ಬೇಕಾದ ಕರೆಂಟು ಫ್ಯೂಜಿಗೆ ಲೆಕ್ಕಕ್ಕೇ ಇಲ್ಲ. ಫ್ಯೂಜು ವಾಯರನ್ನ ಕಾಯತೈತಿ, ಮನುಷ್ಯನ್ನ ಅಲ್ಲ.

"ಆದರೆ ನಮ್ಮಲ್ಲಿ ಒಂದು ಕುಣಿ ಇತ್ತಲ್ಲ?" ಅಂತ ನಾನು ಕೇಳಿದೆ. ಅವರು ಮೀಟರು ಹಚ್ಚಿ ಅಳೆದರು. 34 ಓಮ್ ತೋರಿಸಿತು. ಆಮ್ಯಾಲ ಲೆಕ್ಕ ಮಾಡಿ ತೋರಿಸಿದರು. 230ನ್ನ 34ರಿಂದ ಭಾಗಿಸಿದರೆ ಸುಮಾರು 7 ಆಂಪಿಯರ್. ನಮ್ಮ ಗೋಡಾವನದ ಫ್ಯೂಜು 16 ಆಂಪಿಯರಿನದು. ಅಂದರೆ ಷಟರನ್ನ ಆ ಕುಣಿಗೆ ಕಟ್ಟಿದ್ದರೂ ಫ್ಯೂಜು ಹೋಗುತ್ತಿರಲಿಲ್ಲ, ಷಟರಿನೊಳಗ ಕರೆಂಟು ಹಂಗೇ ನಿಂತಿರುತ್ತಿತ್ತು. ಮ್ಯಾಲಾಗಿ ನಮ್ಮ ಷಟರನ್ನ ಕುಣಿಗೆ ಕಟ್ಟಿಯೇ ಇರಲಿಲ್ಲ. ಕುಣಿಯ ತಂತಿ ಮೀಟರ್ ಬೋರ್ಡಿನ ತನಕ ಬಂದು ಅಲ್ಲೇ ನಿಂತಿತ್ತು. ಒಳಗಿನ ಸಾಕೆಟ್ಟುಗಳಿಗೆ ಮೂರನೆಯ ವಾಯರೇ ಇರಲಿಲ್ಲ. ಮೂರು ತೂತು ಇದ್ದವು, ಮ್ಯಾಲಿನ ದೊಡ್ಡ ತೂತು ಬರೇ ತೋರಿಕೆಗೆ. ಅವತ್ತು ನನಗ ಬದುವಿನ ಮ್ಯಾಲಿನ ತಂತಿಯ ಸುರುಳಿ ನೆನಪಾಯಿತು.

ಇಲ್ಲಿ ಒಂದು ಮಾತು ಬಹಳ ಮುಖ್ಯ. ನಾವು ಹಳ್ಳಿಯವರು ಬಲ್ಬು ಹಚ್ಚಿ ಅರ್ಥ್ ಪರೀಕ್ಷೆ ಮಾಡತೀವಿ. ಒಂದು ವಾಯರು ಫೇಜಿಗೆ, ಒಂದು ಅರ್ಥಿಗೆ. ಬಲ್ಬು ಉರಿದರೆ "ಅರ್ಥ್ ಭಾರಿ ಐತಿ" ಅಂತೀವಿ. ಅದು ಮೋಸ. 100 ವ್ಯಾಟಿನ ಬಲ್ಬಿಗೆ ಅರ್ಧ ಆಂಪಿಯರಿಗಿಂತ ಕಡಿಮೆ ಸಾಕು. ಅರ್ಥು 50 ಓಮ್ ಇದ್ದರೂ ಬಲ್ಬು ಚಂದಾಗಿ ಉರಿಯತೈತಿ, ಆದರೆ ಅಂಥಾ ಅರ್ಥು ಆಪತ್ತಿನ ವ್ಯಾಳ್ಯಾಕ್ಕ ಕೆಲಸಕ್ಕ ಬರೂದಿಲ್ಲ. ಮೀಟರಿನಿಂದಲೇ ಅಳೀಬೇಕು.

ಅರ್ಥು ಯಾಕ ಕೆಡತೈತಿ ಅನ್ನೋದೂ ನಮ್ಮ ಭೂಮಿಯೊಳಗೇ ಐತಿ. ನಮ್ಮದು ಎರಿ ಭೂಮಿ. ಹಸಿ ಇದ್ದಾಗ ಕರೆಂಟಿಗೆ ಒಳ್ಳೆ ಹಾದಿ ಕೊಡತೈತಿ. ಬ್ಯಾಸಗಿ ಬಂತೋ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯತೈತಿ. ಮಣ್ಣು ಪೈಪಿಗೆ ಹತ್ತದಿದ್ದರೆ ಪೈಪು ಇದ್ದೂ ಇಲ್ಲದಂಗ. ಅದಕ್ಕ ಕುಣಿಗೆ ಉಪ್ಪು, ಇದ್ದಿಲು ಹಾಕಿ ಮ್ಯಾಲೆ ನೀರು ಹಾಕೂ ರೂಢಿ ಬಂದದ್ದು. ಆದರೆ ಉಪ್ಪು ಹೆಚ್ಚಾದರೆ ಪೈಪನ್ನೇ ತಿನ್ನತೈತಿ. ನಮ್ಮ ಹಳೆಯ ಪೈಪು ತೆಗೆದಾಗ ನಡುವಿನೊಳಗ ಕೈಯಿಂದ ಮುರಿಯುವಷ್ಟು ಸವೆದಿತ್ತು. ಇನ್ನೊಂದು, ನಮ್ಮದು ಗೊಬ್ಬರದ ಗೋಡಾವನ. ಯೂರಿಯಾ, ಪೊಟ್ಯಾಷ್ ಚೆಲ್ಲಿ ಹಸಿ ಹಿಡಿದರೆ ಕಬ್ಬಿಣಕ್ಕ ಅದು ವೈರಿ. ಗೋಡೆಯ ಬುಡದ ಪಟ್ಟಿ, ನಟ್ಟು ಬೋಲ್ಟು ಜಂಗು ಹಿಡಿದು ಜೋಡಣೆ ಬಿಡತಾವ. ಅದಕ್ಕ ಗೋಡಾವನದೊಳಗ ಪಟ್ಟಿಯನ್ನ ನೆಲದಿಂದ ಎತ್ತರಕ್ಕ ಹಾಯಿಸಬೇಕು, ಜೋಡಣೆಗಳನ್ನ ಪ್ರತಿ ವರ್ಷ ಬಿಚ್ಚಿ ಉಜ್ಜಿ ಬಿಗಿಯಬೇಕು.

ಹಂಗಾದರೆ ನಾವು ಏನು ಮಾಡಿದೆವು? ಮೊದಲು ಷಟರಿನ ಹಿಂದಿನ ವಾಯರು ಕಿತ್ತು ಪೈಪಿನೊಳಗ ಬ್ಯಾರೆ ದಾರಿಯಿಂದ ಒಯ್ದೆವು. ರೋಗ ಇರುವಲ್ಲಿ ಮೊದಲು ಔಷಧ. ಆಮ್ಯಾಲ ಗೋಡೆಯಿಂದ ದೂರ ಎರಡು ಹೊಸ ಪೈಪು ಹುಗಿದೆವು. ಅರ್ಥಿಂಗಿನ ಭಾರತೀಯ ಸಂಹಿತೆ ಅಂತ ಐ.ಎಸ್. 3043 ಐತಿ, ಮೊದಲು 1966ರಲ್ಲಿ ಬಂದದ್ದು, 1987ರಲ್ಲಿ ಮತ್ತು 2018ರಲ್ಲಿ ತಿದ್ದಿದ್ದು. ಅದರೊಳಗ ಕಟ್ಟಡದಿಂದ ಒಂದೂವರೆ ಮೀಟರಿಗೆ ಕಡಿಮೆ ಇಲ್ಲದಂಗ ಪೈಪು ಹುಗೀಬೇಕು, ಪೈಪು ಎರಡೂವರೆ ಮೀಟರಿಗೆ ಕಡಿಮೆ ಇರಬಾರದು ಅಂತ ಐತಿ. ಎರಡು ಪೈಪುಗಳ ನಡುವೆ ಪೈಪಿನ ಉದ್ದದ ಎರಡು ಪಟ್ಟಿನಷ್ಟು ಅಂತರ ಬಿಟ್ಟೆವು. ಒಂದರ ಮಗ್ಗಲಾಗೇ ಇನ್ನೊಂದು ಹುಗಿದರೆ ಒಂದೇ ಬಾವಿಗೆ ಎರಡು ಮೋಟರು ಇಳಿಸಿದಂಗ, ಲಾಭ ಇಲ್ಲ. ಎರಡನ್ನೂ ಕೂಡಿಸಿ ಬ್ಯಾಸಗಿಯೊಳಗ ಅಳೆದಾಗ 3 ಓಮ್ ಬಂತು.

ಆಮ್ಯಾಲ ಪ್ರತಿ ಸಾಕೆಟ್ಟಿಗೆ ಹಸಿರು ವಾಯರು ಎಳೆದೆವು. ಮೂರು ಪಿನ್ನಿನ ಪ್ಲಗ್ಗಿನೊಳಗ ಮ್ಯಾಲಿನ ಪಿನ್ನು ಯಾಕ ಉದ್ದ ಮತ್ತು ದಪ್ಪ ಅಂತ ಯಾರಾದರೂ ವಿಚಾರ ಮಾಡಿದ್ದೀರೇನು? ಅದು ಒಳಗ ಹೋಗುವಾಗ ಎಲ್ಲಕ್ಕಿಂತ ಮೊದಲು ಕೂಡತೈತಿ, ಹೊರಗ ಬರುವಾಗ ಎಲ್ಲಕ್ಕಿಂತ ಕಡೆಗೆ ಬಿಡತೈತಿ. ಕರೆಂಟು ಬರುವ ಮೊದಲೇ ಕಾವಲು ನಿಂತಿರತೈತಿ. ನಾವು ಏನು ಮಾಡತೀವಿ? ಎರಡು ತೂತಿನ ಬೋರ್ಡಿಗೆ ಹಿಡಿಸಲಿಲ್ಲ ಅಂತ ಆ ಪಿನ್ನನ್ನೇ ಮುರೀತೀವಿ. ನಮ್ಮ ಆಫೀಸಿನೊಳಗೂ ಹಂಗೇ ಆಗಿತ್ತು. ಕಂಪ್ಯೂಟರ್ ಪೆಟಗಿ ಮುಟ್ಟಿದರೆ ಕೈಗೆ ಜುಮ್ ಅನ್ನುತ್ತಿತ್ತು. ನಮ್ಮ ಗುಮಾಸ್ತರು ಕಾಲಕೆಳಗ ಒಂದು ಕಟಗಿ ಹಲಗೆ ಇಟ್ಟುಕೊಂಡು ನಾಕು ವರ್ಷ ಲೆಕ್ಕ ಬರೆದರು! ಕಂಪ್ಯೂಟರಿನೊಳಗ ಗದ್ದಲ ತಡೆಯುವ ಸಣ್ಣ ಭಾಗ ಇರತಾವ, ಅವು ಒಂದಿಷ್ಟು ಕರೆಂಟನ್ನ ಅರ್ಥಿಗೆ ಬಿಡತಾವ. ಅರ್ಥ್ ಇಲ್ಲದಿದ್ದರೆ ಅದು ಪೆಟಗಿಯ ಮೈಗೆ ಬರತೈತಿ. ಆ ಜುಮ್ ಅನ್ನೋದು "ನನಗ ಅರ್ಥ್ ಇಲ್ಲ" ಅಂತ ಯಂತ್ರ ಕೂಗಿ ಹೇಳುವ ಮಾತು. ನಾವು ಕೇಳಲಿಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಹಾಕುವ ಯೋಜನೆಗೆ ಕೇಂದ್ರ ಸರಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಒಳ್ಳೇದು. ಆದರೆ ಕಂಪ್ಯೂಟರ್ ಕೊಡುವವರು ನಮ್ಮ ಸಾಕೆಟ್ಟಿನ ಮೂರನೆಯ ತೂತಿನೊಳಗ ವಾಯರು ಐತೋ ಇಲ್ಲೋ ನೋಡಲಿಕ್ಕೆ ಬರೂದಿಲ್ಲ. ಅದನ್ನ ನೋಡುವವರು ನಾವೇ.

ಮೂರನೆಯ ಕೆಲಸಕ್ಕ ಇಂಗ್ಲೀಷಿನೊಳಗ ಬಾಂಡಿಂಗ್ ಅಂತಾರ. ನಾನು ಅದಕ್ಕ ಬೆಸುಗೆ ಅಂತೀನಿ. ಅರ್ಥಿಂಗ್ ಅಂದರೆ ಭೂಮಿಗೆ ಕಟ್ಟೋದು, ಬಾಂಡಿಂಗ್ ಅಂದರೆ ಕಬ್ಬಿಣ ಕಬ್ಬಿಣವನ್ನ ಒಂದಕ್ಕೊಂದು ಕಟ್ಟೋದು. ಕರೆಂಟಿನ ತಂತಿಯ ಮ್ಯಾಲೆ ಗುಬ್ಬಿ ಕುಂತರೂ ಸಾಯೂದಿಲ್ಲ. ಅದರ ಎರಡೂ ಕಾಲು ಒಂದೇ ಮಟ್ಟದೊಳಗ ಇರತಾವ. ಎರಡು ಮಡುವಿನ ನೀರು ಒಂದೇ ಮಟ್ಟಕ್ಕ ಇದ್ದರೆ ನಡುವಿನ ಕಾಲುವೆಯೊಳಗ ನೀರು ಹರಿಯೂದಿಲ್ಲ. ಹಂಗೇ ನಮ್ಮ ಗಿರಣಿಯ ಮೋಟರು, ಗಿರಣಿಯ ಚೌಕಟ್ಟು, ಎಲೆಕ್ಟ್ರಾನಿಕ್ ತಕ್ಕಡಿ, ಕಬ್ಬಿಣದ ರ‍್ಯಾಕು, ಷಟರಿನ ಚಾನಲ್ಲು, ನೀರಿನ ಕಬ್ಬಿಣದ ಪೈಪು, ತಗಡಿನ ಚಾವಣಿಯ ಕೈಮರ, ಜನರೇಟರಿನ ಮೈ, ಎಲ್ಲವನ್ನೂ ಒಂದೇ ಪಟ್ಟಿಗೆ ಕಟ್ಟಿದರೆ, ಎಲ್ಲಿಯಾದರೂ ಕರೆಂಟು ಏರಿದರೂ ಎಲ್ಲದರ ಮಟ್ಟ ಕೂಡಿಯೇ ಏರತೈತಿ. ಒಂದು ಕೈ ಗಿರಣಿಯ ಮ್ಯಾಲೆ, ಇನ್ನೊಂದು ಕೈ ನಳದ ಮ್ಯಾಲೆ ಇದ್ದರೂ ನಡುವ ಇರುವ ಮನುಷ್ಯನೊಳಗ ಹರಿಯುವ ಕರೆಂಟು ಬಹಳ ಕಡಿಮೆ ಆಗತೈತಿ.

ಇದರೊಳಗ ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿಯೂ ಇತ್ತು. ಕಂಪ್ಯೂಟರಿಗೆ "ಸ್ವಚ್ಛ ಅರ್ಥ್" ಬೇಕು ಅಂತ ಯಾರೋ ಬ್ಯಾರೆ ಕುಣಿ ತೋಡಿಸಿದ್ದರು, ಅದನ್ನ ಕಟ್ಟಡದ ಅರ್ಥಿಗೆ ಕೂಡಿಸಿರಲಿಲ್ಲ. ಹತ್ತಿರ ಸಿಡಿಲು ಬಿದ್ದರೆ ಎರಡು ಕುಣಿಗಳ ಮಟ್ಟ ಬ್ಯಾರೆ ಬ್ಯಾರೆ ಆಗತೈತಿ, ನಡುವೆ ಸಿಕ್ಕ ಕಂಪ್ಯೂಟರ್ ಸುಡತೈತಿ. ಕುಣಿ ಎಷ್ಟಾದರೂ ಇರಲಿ, ಎಲ್ಲ ಒಂದಕ್ಕೊಂದು ಕೂಡಿರಬೇಕು. ಒಂದು ಸಂಘಕ್ಕ ಎರಡು ಲೆಕ್ಕದ ಪುಸ್ತಕ ಇರಬಾರದು. ಮೂರು ಫೇಜಿನ ಮೋಟರು, ಜನರೇಟರಿಗಂತೂ ಮೈಗೆ ಎರಡು ಬ್ಯಾರೆ ಬ್ಯಾರೆ ಅರ್ಥ್ ತಂತಿ ಕಟ್ಟಬೇಕು ಅಂತ 1956ರ ವಿದ್ಯುತ್ ನಿಯಮಗಳ ಕಾಲದಿಂದಲೂ ಕಾಯಿದೆ ಐತಿ. ಒಂದು ಹರಿದರೆ ಇನ್ನೊಂದು ಇರಲಿ ಅಂತ. ನಮ್ಮ ಗಿರಣಿಗೆ ಅದು ಒಂದೂ ಇರಲಿಲ್ಲ.

ನಾಲ್ಕನೆಯದು ಸೋರಿಕೆ ಹಿಡಿಯುವ ಸ್ವಿಚ್ಚು, ಆರ್.ಸಿ.ಸಿ.ಬಿ. ಅಂತಾರ. 3 ಓಮ್ ಬಂತಲ್ಲ, ಇನ್ನ ಇದು ಯಾಕ ಅಂತ ನಾನೂ ವಾದ ಮಾಡಿದೆ. 230ನ್ನ 3ರಿಂದ ಭಾಗಿಸಿದರೆ 77 ಆಂಪಿಯರ್. 16 ಆಂಪಿಯರಿನ ಸ್ವಿಚ್ಚು ಅದಕ್ಕೂ ಬೀಳತೈತಿ, ಆದರೆ ಕೆಲವು ಸೆಕೆಂಡು ತಗೋಬಹುದು. ಗುಂಡಿಗೆಗೆ ಅಷ್ಟು ವ್ಯಾಳೆ ಇರೂದಿಲ್ಲ. ಈ ಸೋರಿಕೆ ಸ್ವಿಚ್ಚು ಕೆಲಸ ಮಾಡೂದು ನಮ್ಮ ಕ್ಯಾಷಿಯರ್ ಮಾಡಿದಂಗ. ಫೇಜಿನೊಳಗ ಹೋದದ್ದೆಷ್ಟು, ನ್ಯೂಟ್ರಲ್ಲಿನೊಳಗ ಬಂದದ್ದೆಷ್ಟು, ಎರಡೂ ತಾಳೆ ಹಾಕತೈತಿ. ಸಾವಿರದೊಳಗ ಮೂವತ್ತು ಪಾಲು ಆಂಪಿಯರ್, ಅಂದರೆ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂತು ಅಂದರೆ "ಲೆಕ್ಕ ತಪ್ಪಿತು" ಅಂತ ಕಣ್ಣು ಮುಚ್ಚಿ ತೆರೆಯುವುದರೊಳಗ ಬಾಗಿಲು ಹಾಕತೈತಿ. ಅವತ್ತು ಇದು ಇದ್ದಿದ್ದರೆ ಆ ಹುಡುಗ ಷಟರ್ ಮುಟ್ಟಿ "ಅಯ್ಯೋ" ಅನ್ನೂದರೊಳಗ ಕರೆಂಟು ಹೋಗಿರುತ್ತಿತ್ತು. ಆದರೆ ಇದಕ್ಕೂ ಮಿತಿ ಐತಿ. ಒಂದು ಕೈಯೊಳಗ ಫೇಜ್, ಇನ್ನೊಂದು ಕೈಯೊಳಗ ನ್ಯೂಟ್ರಲ್ ಹಿಡಿದರೆ ಅದಕ್ಕ ಲೆಕ್ಕ ಸರಿಯಾಗೇ ಕಾಣತೈತಿ, ಅದು ಕಾಯೂದಿಲ್ಲ. ಅದರ ಮ್ಯಾಲೆ ಒಂದು ಪರೀಕ್ಷೆಯ ಗುಂಡಿ ಇರತೈತಿ. ನಮ್ಮಲ್ಲಿ ಪ್ರತಿ ತಿಂಗಳ ಮೊದಲನೆಯ ದಿನ ಅದನ್ನ ಒತ್ತಿ ನೋಡತಾರ. ಬಿದ್ದರೆ ಸರಿ, ಬೀಳದಿದ್ದರೆ ಅವತ್ತೇ ಬದಲಿ.

ಕೆಲವರು ಒಂದು ಸೋವಿ ಉಪಾಯ ಹೇಳತಾರ: "ಅರ್ಥ್ ಬ್ಯಾಡ, ಪೆಟಗಿಯ ಮೈಯನ್ನ ನ್ಯೂಟ್ರಲ್ಲಿಗೇ ಕಟ್ಟಿಬಿಡ್ರಿ." ದಯವಿಟ್ಟು ಬ್ಯಾಡ. ಗಾಳಿ ಮಳೆಗೆ ಕಂಬದ ಮ್ಯಾಲಿನ ನ್ಯೂಟ್ರಲ್ ಹರಿದರೆ ನಿಮ್ಮ ಫ್ರಿಜ್ಜು, ಗಿರಣಿ, ಟ್ರಂಕು ಎಲ್ಲಕ್ಕೂ ಕರೆಂಟು ಏರತೈತಿ. ಇನ್ನು ಹೊಲದೊಳಗ ಮಾಡುವ ಒಂದು ಕೆಲಸ ನಿಮಗೂ ಗೊತ್ತು, ನನಗೂ ಗೊತ್ತು. ನ್ಯೂಟ್ರಲ್ ಇಲ್ಲದ ಕಡೆ ಒಂದು ಫೇಜ್ ತಗೊಂಡು ಇನ್ನೊಂದು ವಾಯರನ್ನ ಭೂಮಿಯೊಳಗಿನ ಸಲಾಕೆಗೆ ಕಟ್ಟಿ ಬಲ್ಬು, ಸಣ್ಣ ಮೋಟರು ನಡೆಸೂದು. ಆಗ ಆ ಸಲಾಕೆಯ ಸುತ್ತಲಿನ ಹಸಿ ನೆಲದೊಳಗೇ ಕರೆಂಟು ಹರಡತೈತಿ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ಅದಕ್ಕ ಅಂಥಾ ನೆಲ ನಮಗಿಂತ ದನಕ್ಕ ಹೆಚ್ಚು ಅಪಾಯ. ಅರ್ಥು ಕಾವಲು ಕಾಯುವ ವಸ್ತು, ಅದನ್ನ ದುಡಿಮೆಗೆ ಹಚ್ಚಬಾರದು.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಭಾಗದ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನ ನಾವು ಮರೆತಿಲ್ಲ. ನೀರು ಇಳಿದ ಮ್ಯಾಲೆ ಒಣಗಿತು ಅಂತ ಸ್ವಿಚ್ಚು ಹಾಕಬಾರದು. ಬೋರ್ಡು, ಮೋಟರು, ಅರ್ಥ್ ಜೋಡಣೆ ಬಲ್ಲವರಿಂದ ನೋಡಿಸಿದ ಮ್ಯಾಲೆಯೇ ಕರೆಂಟು ಕೊಡಬೇಕು.

ಯಾರಿಗಾದರೂ ಕರೆಂಟು ಹಿಡಿದರೆ ಮೊದಲು ಮೇನ್ ತೆಗೀರಿ. ಆಗದಿದ್ದರೆ ಒಣ ಕಟಗಿ, ಒಣ ಹಗ್ಗದಿಂದ ಬಿಡಿಸ್ರಿ. ಬರಿಗೈಯಿಂದ ಮುಟ್ಟಿದರೆ ಒಬ್ಬರ ಜಾಗದೊಳಗ ಇಬ್ಬರು ಹೋಗತಾರ. ಇದು ಮನೆಯ, ಮಳಿಗೆಯ ಕರೆಂಟಿನ ಮಾತು. ಹೈಟೆನ್ಷನ್ ತಂತಿಯ ಹತ್ತಿರ ಕಟಗಿ ಹಿಡಿದೂ ಹೋಗಬ್ಯಾಡ್ರಿ, ಲೈನ್ ಬಂದ್ ಮಾಡಿಸ್ರಿ. ಉಸಿರು ನಿಂತಿದ್ದರೆ ಎದೆಯ ನಡುವ ಎರಡೂ ಕೈ ಇಟ್ಟು ಜೋರಾಗಿ, ಬಿಡದೆ ಒತ್ತತಾ ದವಾಖಾನಿಗೆ ಒಯ್ಯಬೇಕು, 108ಕ್ಕ ಫೋನು ಮಾಡಬೇಕು. ಮಣ್ಣಿನೊಳಗ ಹುಗಿಯೂದು, ನೀರು ಸುರಿಯೂದು ಮಾಡಿ ವ್ಯಾಳೆ ಕಳೀಬ್ಯಾಡ್ರಿ.

ಬಂಧುಗಳೇ, ಇನ್ನು ನನ್ನ ವಿನಂತಿ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದೊಳಗ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ರೈತನ ಕಷ್ಟಕ್ಕ ರೈತನೇ ಹೊಣೆ ಹೊರಬೇಕು ಅನ್ನುವ ವಿಚಾರ ಇತ್ತು. ಈ ಕಟ್ಟಡ ನಿಮ್ಮ ಶೇರಿನ ರೊಕ್ಕದಿಂದ ಆದದ್ದು. ಗಿರಣಿಗೆ ಜ್ವಾಳ ತರುವ ತಾಯಂದಿರು, ನೀರು ತುಂಬಲಿಕ್ಕೆ ಬರುವ ಮಕ್ಕಳು, ಗೊಬ್ಬರದ ಚೀಲ ಹೊರುವ ಹಮಾಲರು, ಎಲ್ಲರೂ ಇಲ್ಲಿನ ಕಬ್ಬಿಣ ಮುಟ್ಟುವವರೇ. ಪ್ರತಿ ವರ್ಷ ನಮ್ಮ ಲೆಕ್ಕದ ಆಡಿಟ್ ಆಗತೈತಿ. ಒಂದು ರೂಪಾಯಿ ವ್ಯತ್ಯಾಸ ಬಂದರೂ ಸಭೆಯೊಳಗ ಎದ್ದು ನಿಂತು ಕೇಳತೀರಿ, ಕೇಳಬೇಕು. ಅರ್ಥಿಂಗನ್ನೂ ಹಂಗೇ ಕೇಳ್ರಿ. ಅರ್ಥ್ ಇಲ್ಲದ ಕಟ್ಟಡ ಅನರ್ಥಕ್ಕ ದಾರಿ.

ಅದಕ್ಕ ಒಂದು ಠರಾವು ನಿಮ್ಮ ಮುಂದ ಇಡತೀನಿ. ಪ್ರತಿ ವರ್ಷ ಏಪ್ರಿಲ್ ತಿಂಗಳಿನೊಳಗ, ಭೂಮಿ ಒಣಗಿದ್ದಾಗ, ಕುಣಿಗೆ ಮುಂಚಿತ ನೀರು ಹಾಕದೆ, ಮೀಟರಿನಿಂದ ಅರ್ಥ್ ಅಳೀಬೇಕು. ನೀರು ಹಾಕಿ ಅಳೆಯೂದು ಅಂದರೆ ಆಡಿಟಿನ ಹಿಂದಿನ ದಿನ ಸಾಲ ತಂದು ತಿಜೋರಿ ತುಂಬಿಸಿದಂಗ. ಬಂದ ಓಮ್ ಎಷ್ಟು, ಯಾವ ಜೋಡಣೆ ಬಿಗಿದರು, ಯಾವ ಸ್ವಿಚ್ಚು ಪರೀಕ್ಷೆ ಮಾಡಿದರು ಅನ್ನೂದನ್ನ ಒಂದು ರಿಜಿಸ್ಟರಿನೊಳಗ ಬರೀಬೇಕು. ಅದನ್ನ ವಾರ್ಷಿಕ ಸಭೆಯೊಳಗ ಜಮಾ ಖರ್ಚಿನ ಜೊತೆಗೆ ಓದಬೇಕು. ಬಾಡಿಗಿ ಮಳಿಗೆಯವರು ಹೊಸ ಯಂತ್ರ ತಂದರೆ ಸಂಘಕ್ಕ ತಿಳಿಸಿ ಅರ್ಥ್ ಪಟ್ಟಿಗೆ ಕೂಡಿಸಿದ ಮ್ಯಾಲೆಯೇ ನಡೆಸಬೇಕು. ಮತ್ತು ಇನ್ನು ಮುಂದ ಸಂಘದ ಯಾವುದೇ ಕಟ್ಟಡದ ಎಸ್ಟಿಮೇಟಿನೊಳಗ ಅರ್ಥಿಂಗಿನ ಸಾಲಿನ ಮ್ಯಾಲೆ ಯಾರೂ ಗೀಟು ಹಾಕಬಾರದು, ನಿರ್ದೇಶಕ ಆದರೂ ಸರಿ, ಅಧ್ಯಕ್ಷರಾದರೂ ಸರಿ.

ಇದು ಸಂಘದ ಮಾತಾಯಿತು. ನಿಮ್ಮ ಮನೆಗೆ ಹೋದ ಮ್ಯಾಲೆ ನಾಳೆ ಮುಂಜಾನೆ ನಿಮ್ಮ ಬಾವಿಯ ಸ್ಟಾರ್ಟರ್ ಪೆಟಗಿಯ ಹತ್ತಿರ ಹೋಗ್ರಿ. ಮುಟ್ಟಬ್ಯಾಡ್ರಿ, ನೋಡ್ರಿ ಅಷ್ಟೇ. ಅದರಿಂದ ಒಂದು ತಂತಿ ಭೂಮಿಗೆ ಹೋಗೇತೋ, ನಡುವ ಎಲ್ಲಿ ಹರಿದೇತೋ ಕಣ್ಣಿಂದ ನೋಡ್ರಿ. ಬದುವಿನ ಮ್ಯಾಲೆ ಸುರುಳಿಯಾಗಿ ಬಿದ್ದಿದ್ದರೆ ಬಲ್ಲವರನ್ನ ಕರೆದು ಕಟ್ಟಿಸ್ರಿ. ನಮ್ಮ ಅಪ್ಪ ಇವತ್ತೂ ಆ ಎತ್ತಿನ ಹೆಸರು ತೆಗೆದರೆ ಮಾತು ನಿಲ್ಲಿಸತಾನ.

ಬಲಭೀಮ ದೇವರ ಕೃಪೆಯಿಂದ ನಮ್ಮ ಸಂಘ ಇಪ್ಪತ್ತೈದು ವರ್ಷ ನಡೆದು ಬಂದೈತಿ. ಐವತ್ತನೆಯ ವರ್ಷದ ಹಬ್ಬಕ್ಕ ನಾವು ಇರತೀವೋ ಇಲ್ಲೋ, ಅವತ್ತು ಇಲ್ಲಿ ಕುಂತವರು ಆ ರಿಜಿಸ್ಟರ್ ತೆಗೆದು ಓದುವಂಗ ಆಗಲಿ. ನನ್ನ ಮಾತಿನೊಳಗ ತಪ್ಪಿದ್ದರೆ ಹೊಟ್ಟೆಯೊಳಗ ಹಾಕಿಕೊಳ್ಳ್ರಿ.

ಜೈ ಸಹಕಾರ.